ಪಾಠಾಂತರ ಹುಡುಕುವ ಯಂತ್ರ

ಕಚೇರಿಯೊಂದರ ಕಾಗದಪತ್ರಗಳೆಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿಟ್ಟು, ಉಳಿದ ಕಂಪ್ಯೂಟರುಗಳು ತಂತಿಯ ಮೂಲಕ ಅದನ್ನು ಕೇಳಿ ಪಡೆಯುವಂತೆ ಮಾಡಿದರೆ ಅದು ಫೈಲ್ ಸರ್ವರ್ ಎನಿಸುತ್ತದೆ. ರೆಕಾರ್ಡು ಕೋಣೆಯ ಗುಮಾಸ್ತನ ಕೆಲಸವೇ ಅದರದೂ. ಕೇಳಿದ ಕಡತವನ್ನು ಕೊಡಬೇಕು. ಒಬ್ಬರು ತಿದ್ದುತ್ತಿರುವ ಭಾಗವನ್ನು ಅದೇ ಗಳಿಗೆಯಲ್ಲಿ ಇನ್ನೊಬ್ಬರು ಮುಟ್ಟದಂತೆ ಬೀಗ ಹಾಕಬೇಕು. ಬೀಗ ತಪ್ಪಿದರೆ ಸದ್ದೇನೂ ಆಗುವುದಿಲ್ಲ. ಒಬ್ಬರು ದಿನವಿಡೀ ಬರೆದುದು ಇನ್ನೊಬ್ಬರ ಬರಹದಡಿ ಅಳಿಸಿಹೋಗಿರುತ್ತದೆ, ಗೊತ್ತಾಗುವುದು ಎಷ್ಟೋ ದಿನದ ಮೇಲೆ. ಇಂಥ ಗುಮಾಸ್ತನನ್ನು ನಂಬುವ ಮೊದಲು ಪರೀಕ್ಷಿಸುವುದು ಹೇಗೆ? ಕನ್ನಡ ಮೇಷ್ಟರಿಗೆ ಈ ಗೊಡವೆ ಏಕೆಂದು ಓದುಗರು ಕೇಳಬಹುದು. ಸಾಂಬಾ ಎಂಬ ಸರ್ವರಿನ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ನೆನಪಾದುದು ನಮ್ಮ ಗ್ರಂಥಸಂಪಾದನೆಯೇ.

1991ರ ಕೊನೆಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಇದನ್ನು ಆರಂಭಿಸಿದರು. ಕಡತ ಹಂಚಿಕೊಳ್ಳಲು ಕಂಪ್ಯೂಟರುಗಳು ಆಡುವ ಎಸ್‌ಎಂಬಿ ಎಂಬ ಭಾಷೆಯನ್ನು ತಮ್ಮ ಯಂತ್ರಕ್ಕೂ ಕಲಿಸಬೇಕೆಂಬುದು ಅವರ ಉದ್ದೇಶ. ಮುಂದೆ ಹೆಸರು ಬದಲಿಸಬೇಕಾಗಿ ಬಂದಾಗ, ಆ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಶಬ್ದಪಟ್ಟಿಯಲ್ಲಿ ಹುಡುಕಿ ‘ಸಾಂಬಾ’ ಎಂದಿಟ್ಟರು. ನಮ್ಮ ಸಾಂಬಶಿವನಿಗೂ ಇದಕ್ಕೂ ನಂಟಿಲ್ಲ.

ಈ ಭಾಷೆಗೆ ನಂಬಿಕೆಯ ವ್ಯಾಕರಣ ಅವರ ಕೈಯಲ್ಲಿರಲಿಲ್ಲ. ಫ್ರೆಂಚ್ ಬಾರದವನು ಫ್ರಾನ್ಸಿನ ಹೋಟೆಲೊಂದರಲ್ಲಿ ಕುಳಿತು, ಗಿರಾಕಿ ಏನೆಂದಾಗ ಮಾಣಿ ಏನು ತರುತ್ತಾನೆಂದು ನೋಡಿ ನೋಡಿ ಭಾಷೆ ಕಲಿತಂತೆ ನಮ್ಮ ವಿಧಾನ ಎಂದು ಟ್ರಿಜೆಲ್ ಹೋಲಿಸಿದ್ದಾರೆ. ಆದರೆ ಬರಿದೆ ಕೇಳಿಸಿಕೊಂಡರೆ ಸಾಲದು. ಯಾರೂ ಆಡದ ಮಾತು ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ತಾವೇ ಪ್ರಶ್ನೆ ಹಾಕತೊಡಗಿದರು. ಒಂದನೆಯ ಆಜ್ಞೆ ಗೊತ್ತೇ, ಎರಡನೆಯದು ಗೊತ್ತೇ ಎಂದು ಮೈಕ್ರೊಸಾಫ್ಟಿನ ವಿಂಡೋಸ್ ಸರ್ವರನ್ನು ಯಂತ್ರವೇ ಸಾಲಾಗಿ ಕೇಳಿ, ಉತ್ತರದ ಬಗೆಯಿಂದ ಆಜ್ಞೆಯ ಇರವನ್ನು ಊಹಿಸುತ್ತಿತ್ತು.

ಇದರಿಂದ ಬೆಳೆದ ಪರೀಕ್ಷೆಗಳ ಕಂತೆಗೆ ‘ಎಸ್‌ಎಂಬಿ ಟಾರ್ಚರ್’ ಎಂದು ಹೆಸರು. ನನ್ನ ಮನಸ್ಸನ್ನು ಹಿಡಿದದ್ದು ಅದರ ಒಡಹುಟ್ಟಿದ ‘ಜೆನ್‌ಟೆಸ್ಟ್’. ಕಡತ ತೆರೆ, ಬರೆ, ಹೆಸರು ಬದಲಿಸು, ಅಳಿಸು ಎಂದು ಮನಬಂದಂತೆ ಆಜ್ಞೆಗಳನ್ನು ಹೊಸೆದು, ಒಂದೇ ಸರಣಿಯನ್ನು ಎರಡು ಸರ್ವರುಗಳಿಗೆ ಕಳುಹಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ಎರಡು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ನಾವು ಮಾಡುವುದೂ ಇದನ್ನೇ. ಭೇದ ಕಂಡರೆ ಅಲ್ಲಿಗೆ ನಿಲ್ಲುವುದಿಲ್ಲ. ಆಜ್ಞೆಗಳನ್ನು ಒಂದೊಂದಾಗಿ ಕಳೆಯುತ್ತ, ಆ ಭೇದಕ್ಕೆ ಕಾರಣವಾದ ಕೆಲವನ್ನಷ್ಟೇ ಉಳಿಸಿಕೊಡುತ್ತದೆ. ಬೀಗಗಳಿಗೂ ಇಂಥದೇ ಬೇರೊಂದು ಪರೀಕ್ಷೆಯುಂಟು. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಸಂಪಾದಕನು ಲಿಪಿಕಾರನ ತಪ್ಪನ್ನು ತಿದ್ದುತ್ತಾನೆ. ಇಲ್ಲಿ ವಿಂಡೋಸಿನ ತಪ್ಪನ್ನೂ ಪಾಠವೆಂದೇ ಉಳಿಸಿಕೊಳ್ಳಬೇಕು, ಏಕೆಂದರೆ ಗಿರಾಕಿಗಳ ಪ್ರೋಗ್ರಾಮುಗಳು ಆ ತಪ್ಪಿಗೇ ಒಗ್ಗಿಕೊಂಡಿರುತ್ತವೆ.

ಹೀಗೆ ಪರೀಕ್ಷೆಗಳು ಹೆಚ್ಚಿದಂತೆ ಅವನ್ನು ತಪ್ಪದೆ ನಡೆಸುವ ಏರ್ಪಾಟೂ ಬೇಕಾಯಿತು. ಕೃತಕ ಜಾಲವೊಂದನ್ನು ಒಂದೇ ಯಂತ್ರದೊಳಗೆ ಕಟ್ಟಿಕೊಂಡು ಅನೇಕ ಸರ್ವರುಗಳನ್ನು ಅಲ್ಲೇ ಓಡಿಸುವ ಉಪಾಯ ಬಂದಿತು. ಮುಖ್ಯ ಪ್ರತಿಗೆ ಸೇರಬಯಸುವ ತಿದ್ದುಪಡಿ ಮೊದಲು ಈ ಪರೀಕ್ಷೆಗಳನ್ನು ದಾಟಬೇಕೆಂಬ ಕಟ್ಟಳೆಯೂ ಬಂದಿತು. ಸೋಲುವುದೆಂದು ಮೊದಲೇ ತಿಳಿದ ಪರೀಕ್ಷೆಗಳಿಗೆ ಬೇರೆ ಪಟ್ಟಿ. ಒಮ್ಮೆ ಗೆದ್ದು ಒಮ್ಮೆ ಸೋಲುವ ಚಂಚಲ ಪರೀಕ್ಷೆಗಳಿಗೆ ಇನ್ನೊಂದು. ಪಾಠ ಸಂದಿಗ್ಧವಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕುವ ಸಂಪಾದಕನ ಪ್ರಾಮಾಣಿಕತೆಯನ್ನು ನಾನು ಈ ಪಟ್ಟಿಗಳಲ್ಲಿ ಕಂಡೆ.

ಆದರೂ 2017ರ ಮೇ ತಿಂಗಳಲ್ಲಿ ದೊಡ್ಡದೊಂದು ಬಿರುಕು ಬಯಲಾಯಿತು. ಬರೆಯುವ ಅಧಿಕಾರವಿದ್ದ ಗಿರಾಕಿಯು ತನ್ನದೊಂದು ಪ್ರೋಗ್ರಾಮನ್ನು ಸರ್ವರಿನಲ್ಲಿಟ್ಟು, ಸರ್ವರಿನಿಂದಲೇ ಅದನ್ನು ನಡೆಸಬಹುದಾಗಿತ್ತು. 2010ರ ಆವೃತ್ತಿಯಿಂದಲೂ ಈ ದೋಷ ಅಲ್ಲೇ ಇದ್ದಿತು. ಇಷ್ಟೊಂದು ಪರೀಕ್ಷೆಗಳ ಕಣ್ಣಿಗೆ ಅದು ಬೀಳದೆ ಹೋದುದೇಕೆ? ವಿಂಡೋಸ್ ಮಾಡುವುದನ್ನು ಸಾಂಬಾ ಮಾಡುತ್ತದೆಯೇ ಎಂದು ಕೇಳುವುದು ಸುಲಭ. ಯಾರೂ ಮಾಡಬಾರದ್ದನ್ನು ಮಾಡುತ್ತದೆಯೇ ಎಂದು ಕೇಳಲು ಆ ದುಷ್ಟತನವನ್ನು ಮೊದಲು ನಾವೇ ಊಹಿಸಿಕೊಳ್ಳಬೇಕು. ಪ್ರತಿಗಳನ್ನು ಹೋಲಿಸುವ ಕ್ರಮಕ್ಕೆ ಇದು ನಿಲುಕದು ಎಂದು ನನ್ನ ಎಣಿಕೆ. ತಿದ್ದುಪಡಿಯೇನೋ ಕೆಲವೇ ಸಾಲುಗಳದು: ಗಿರಾಕಿ ತೆರೆಯಬಯಸಿದ ಸಂಪರ್ಕದ ಹೆಸರಿನಲ್ಲಿ ಓರೆಗೆರೆ ಕಂಡುಬಂದರೆ ತೆರೆಯಲಾಗದು ಎಂದುಬಿಡುವುದು.