ಸೋರುವ ನಿರ್ವಾತ: ಮರ ಕೊರೆಯುವ ಯಂತ್ರಕ್ಕೆ ಪಂಪು ಜೊತೆಯಾದ ಬಗೆ

ಮರಗೆಲಸದ ಇತಿಹಾಸವನ್ನು ಕೊರೆಯುವ ಸಲಕರಣೆಗಳ ಇತಿಹಾಸವಾಗಿ ಬರೆಯುವುದು ರೂಢಿಯಾಗಿದೆ. ಉಳಿ, ಬಾಚಿ, ಗರಗಸಗಳ ವಂಶಾವಳಿ ಸಾಕಷ್ಟು ತಿಳಿದಿದ್ದರೂ, ಕೊರೆಯುವಾಗ ಮರ ಅಲುಗದಂತೆ ಹಿಡಿದಿಟ್ಟದ್ದು ಯಾವುದು ಎಂಬ ಪ್ರಶ್ನೆ ಬದಿಗೆ ಸರಿದಿದೆ. ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದ ನಮ್ಮ ಬಡಗಿ ಹಲಗೆಯನ್ನು ಪಾದಗಳಿಂದ ಒತ್ತಿ ಹಿಡಿಯುತ್ತಿದ್ದನು. ನಿಂತು ಕೆಲಸ ಮಾಡುತ್ತಿದ್ದ ಯುರೋಪಿನ ಬಡಗಿ ಬೆಂಚಿಗೆ ಕಬ್ಬಿಣದ ಕೊಕ್ಕೆಯನ್ನೂ ತಿರುಪಿನ ವೈಸನ್ನೂ ಅಳವಡಿಸಿಕೊಂಡನು. ಈ ಎರಡು ಪದ್ಧತಿಗಳಲ್ಲಿಯೂ ಹಿಡಿತ ಸಡಿಲವಾದದ್ದು ಕೆಲಸಗಾರನ ಕೈಗೋ ಕಾಲಿಗೋ ಒಡನೆಯೇ ತಿಳಿಯುತ್ತಿತ್ತು. ಇಂದಿನ ಕಾರ್ಖಾನೆಯಲ್ಲಿ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರಿನ ಆಜ್ಞೆಯಂತೆ ಚಲಿಸಿ ಹಲಗೆಯನ್ನು ಕೊರೆಯುವ ಯಂತ್ರ, ಮೈಮುಟ್ಟಿ ತಿಳಿಯುವ ಆ ಅರಿವನ್ನು ಕಳೆದುಕೊಂಡಿದೆ. ಅದರ ಪಕ್ಕದಲ್ಲಿ, ಹಲಗೆಯ ಕೆಳಗಿನ ಗಾಳಿಯನ್ನು ಎಳೆದು ಅದನ್ನು ಹಿಡಿದಿಡುವ ನಿರ್ವಾತ ಪಂಪನ್ನು ಇಟ್ಟು ಎರಡಕ್ಕೂ ಒಂದೇ ತಂತಿಜಾಲ ಹೆಣೆಯುವ ಕೆಲಸವು, ಆ ಅರಿವನ್ನು ವಿದ್ಯುತ್ತಿನ ಮೂಲಕ ಮರಳಿ ಪಡೆಯುವ ಪ್ರಯತ್ನವೆಂದು ತಿಳಿಯಬಹುದು.

ನಿರ್ವಾತ ಪಂಪಿನ ಕಥೆ ಮರದಿಂದಲೇ ಆರಂಭವಾಗುತ್ತದೆ. ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರನೂ ಎಂಜಿನಿಯರನೂ ಆಗಿದ್ದ ಆಟೋ ಫಾನ್ ಗೇರಿಕೆ 1650ರ ಸುಮಾರಿಗೆ ಮರದ ಪೀಪಾಯಿಯೊಂದರಲ್ಲಿ ನೀರು ತುಂಬಿಸಿ, ಆ ನೀರನ್ನು ಪಂಪಿನಿಂದ ಹೊರಗೆಳೆದರೆ ಒಳಗೆ ಬರಿದಾದ ಜಾಗ ಉಳಿಯುವುದೆಂದು ಲೆಕ್ಕ ಹಾಕಿದನು. ಆದರೆ ನೀರು ಹೊರಬರುತ್ತಿದ್ದಂತೆ ಪೀಪಾಯಿಯೊಳಗಿಂದ ಕುದಿಯುವಂಥ ಸದ್ದು ಕೇಳಿಸಿತು. ಹೊರಗಿನ ಗಾಳಿ ಮರದ ಸಂದುಗಳಿಂದಲೂ ಸೂಕ್ಷ್ಮ ರಂಧ್ರಗಳಿಂದಲೂ ಒಳನುಗ್ಗುತ್ತಿತ್ತು. ಮರವನ್ನು ಬಿಟ್ಟು ತಾಮ್ರದ ಗೋಳವನ್ನು ಹಿಡಿದ ಮೇಲೆ, ಮೊದಲ ಗೋಳ ಗಾಳಿಯ ಒತ್ತಡಕ್ಕೆ ಸಿಕ್ಕಿ ಮುದುಡಿಹೋದರೂ, ಅವನಿಗೆ ಯಶಸ್ಸು ದೊರೆಯಿತು. 1657ರಲ್ಲಿ ಅವನು ನಡೆಸಿದ ಪ್ರದರ್ಶನದಲ್ಲಿ ಸುಮಾರು ಅರ್ಧ ಮೀಟರ್ ವ್ಯಾಸದ ಎರಡು ಅರ್ಧಗೋಳಗಳನ್ನು ಒಂದಕ್ಕೊಂದು ಜೋಡಿಸಿ ಒಳಗಿನ ಗಾಳಿಯನ್ನು ತೆಗೆದ ಬಳಿಕ, ಎರಡೂ ಕಡೆ ಎಂಟೆಂಟು ಕುದುರೆಗಳನ್ನು ಕಟ್ಟಿ ಎಳೆಸಲಾಯಿತು. ಪ್ರತಿ ಚದರ ಸೆಂಟಿಮೀಟರಿನ ಮೇಲೆ ವಾತಾವರಣ ಹೇರುವ ಭಾರ ಸುಮಾರು 1 ಕಿಲೋ ಆದ್ದರಿಂದ, ಅಷ್ಟು ಅಗಲದ ಗೋಳಗಳನ್ನು ಒತ್ತಿ ಹಿಡಿದಿದ್ದ ಬಲ 2 ಟನ್ನಿನ ಆಸುಪಾಸಿನದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನಿರ್ವಾತ ತಾನಾಗಿ ಯಾವುದನ್ನೂ ಎಳೆಯುವುದಿಲ್ಲ. ಒಂದು ಕಡೆಯ ಗಾಳಿಯನ್ನು ತೆಗೆದಾಗ ಇನ್ನೊಂದು ಕಡೆಯ ಗಾಳಿ ಒತ್ತುತ್ತದೆ. ರೌಟರಿನ ಮೇಜಿನ ಮೇಲೆ ಹಲಗೆಯನ್ನು ಹಿಡಿಯುವುದೂ ಇದೇ ಒತ್ತಡ.

ಆದರೂ ಗೇರಿಕೆಯ ಗೋಳದಿಂದ ಕಾರ್ಖಾನೆಯ ಮೇಜಿಗೆ ನೇರ ದಾರಿ ಇರಲಿಲ್ಲ. ಎರಡು ಶತಮಾನಗಳ ಕಾಲ ನಿರ್ವಾತ ಪಂಪು ಬಹುಮಟ್ಟಿಗೆ ಪ್ರಯೋಗಶಾಲೆಯ ವಸ್ತುವಾಗಿಯೇ ಉಳಿಯಿತು. ಅದನ್ನು ಉದ್ಯಮದ ಅಂಗಳಕ್ಕೆ ತರುವುದರಲ್ಲಿ ವಿದ್ಯುತ್ ದೀಪದ ಪಾತ್ರ ದೊಡ್ಡದು. 1865ರಲ್ಲಿ ಹರ್ಮನ್ ಸ್ಪ್ರೆಂಗೆಲ್ ರೂಪಿಸಿದ, ಬೀಳುವ ಪಾದರಸದ ಹನಿಗಳ ನಡುವೆ ಗಾಳಿಯನ್ನು ಸೆರೆಹಿಡಿದು ಹೊರಸಾಗಿಸುವ ಪಂಪು ಇಲ್ಲದಿದ್ದರೆ, 1879ರಲ್ಲಿ ಎಡಿಸನ್ನನ ಬಲ್ಬಿನ ಇಂಗಾಲದ ಎಳೆ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರನ್ನೂ ತಲುಪಿದಾಗ, ಅಲ್ಲಿ ಬೆಳಗಿದ ಬಲ್ಬುಗಳ ಗಾಜಿನೊಳಗೆ ಇದ್ದದ್ದೂ ಪಂಪಿನಿಂದ ಸಾಧಿಸಿದ ನಿರ್ವಾತವೇ. ಆದರೆ ಬಲ್ಬಿನ ನಿರ್ವಾತ ಮುಚ್ಚಿದ ನಿರ್ವಾತ. ಒಮ್ಮೆ ಗಾಳಿ ತೆಗೆದು ಗಾಜನ್ನು ಕರಗಿಸಿ ಮುಚ್ಚಿದರೆ ಪಂಪಿನ ಕೆಲಸ ಅಲ್ಲಿಗೆ ಮುಗಿಯಿತು.

ಇತ್ತ ರೌಟರಿನ ಮೂಲವಾದ, ಸಂಖ್ಯೆಗಳಿಂದ ಯಂತ್ರವನ್ನು ನಡೆಸುವ ವಿಧಾನ ಬೆಳೆದದ್ದು ವಿಮಾನೋದ್ಯಮದ ಒತ್ತಾಯದಿಂದ. ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್, ವಕ್ರರೇಖೆಯ ಬಿಂದುಗಳನ್ನು ಲೆಕ್ಕ ಹಾಕಿ ಆ ಅಂಕಿಗಳಂತೆ ಯಂತ್ರವನ್ನು ಸರಿಸುವ ಯೋಜನೆಯೊಂದನ್ನು 1940ರ ದಶಕದಲ್ಲಿ ಮುಂದಿಟ್ಟನು. ಅಮೆರಿಕದ ವಾಯುಪಡೆ ಅದಕ್ಕೆ ಹಣ ಒದಗಿಸಿತು. 1952ರಲ್ಲಿ ಎಂಐಟಿ ಸಂಸ್ಥೆಯ ಸರ್ವೊಮೆಕ್ಯಾನಿಸಂ ಪ್ರಯೋಗಾಲಯವು ತೂತು ಹೊಡೆದ ಪಟ್ಟಿಯನ್ನು ಓದಿ ಲೋಹವನ್ನು ಕೊರೆಯುವ ಯಂತ್ರವನ್ನು ಪ್ರದರ್ಶಿಸಿತು. ಅದರ ನಿಯಂತ್ರಣ ಪೆಟ್ಟಿಗೆಯ ತುಂಬ ಇದ್ದದ್ದು ಗಾಳಿ ತೆಗೆದ ಗಾಜಿನ ನಿರ್ವಾತ ನಳಿಗೆಗಳು. ಹೀಗೆ ನಿರ್ವಾತವು ಯಂತ್ರದ ಮೇಜನ್ನು ಸೇರುವುದಕ್ಕಿಂತ ಮುಂಚೆಯೇ ಅದರ ಮಿದುಳಿನಲ್ಲಿ ನೆಲೆಸಿತ್ತೆಂಬುದು ಮರೆಯಬಾರದ ಸಂಗತಿ. 1970ರ ದಶಕದಲ್ಲಿ ಅಗ್ಗದ ಮೈಕ್ರೊಪ್ರೊಸೆಸರ್ ಬಂದ ಮೇಲೆ ಈ ವಿಧಾನ ಕಂಪ್ಯೂಟರೀಕೃತಗೊಂಡು, ಮುಂದೆ ಮರಗೆಲಸಕ್ಕೂ ಹರಡಿತು.

ರೌಟರ್ ಇಡೀ ಹಲಗೆಯ ಮೇಲೆ ಓಡಾಡುವುದರಿಂದ ಅಂಚಿನಲ್ಲಿ ಹಾಕಿದ ಕ್ಲಾಂಪು ಅದರ ದಾರಿಗೆ ಅಡ್ಡ ಬರುತ್ತದೆ. ಕೆಳಗಿನಿಂದ ಹಿಡಿಯುವುದೇ ಪರಿಹಾರವೆಂದು ತೋರಿದಾಗ, 1960ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಆರಂಭವಾದ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಅನಿರೀಕ್ಷಿತ ನೆರವು ನೀಡಿತು. ಅದರ ಎರಡೂ ಮುಖಗಳ ಗಟ್ಟಿ ಪದರವನ್ನು ಸವರಿ ತೆಗೆದರೆ ಒಳಗಿನ ನಾರಿನ ಮೂಲಕ ಗಾಳಿ ಹಾಯುತ್ತದೆ. ಅಂಥ ಹಲಗೆಯನ್ನು ಬಲಿ ಹಲಗೆಯಾಗಿ, ಅಂದರೆ ಕತ್ತಿಯ ಗೀರುಗಳನ್ನು ತಾನೇ ತಾಳಿಕೊಳ್ಳುವ ಅಡಿ ಹಲಗೆಯಾಗಿ ಮೇಜಿನ ಮೇಲೆ ಹಾಸಿ, ಅದರ ಅಂಚುಗಳಿಗೆ ಬಣ್ಣ ಬಳಿದು ಮುಚ್ಚಿ, ಕೆಳಗಿನಿಂದ ಗಾಳಿ ಎಳೆದರೆ, ಮೇಲಿಟ್ಟ ಹಲಗೆ ಎಲ್ಲೆಡೆಯೂ ಹಿಡಿತಕ್ಕೆ ಸಿಗುತ್ತದೆ. ಗೇರಿಕೆಯನ್ನು ಸೋಲಿಸಿದ ಮರದ ರಂಧ್ರಗಳೇ ಮೂರು ಶತಮಾನಗಳ ತರುವಾಯ ಕೆಲಸಗಾರನಿಗೆ ಆಸರೆಯಾದವು.

ಇದರ ಬೆಲೆಯೆಂದರೆ ಸೋರಿಕೆ. ಹಲಗೆ ಮುಚ್ಚದ ಜಾಗದಿಂದಲೂ, ಕತ್ತಿ ಕೊರೆದ ಪ್ರತಿ ಗೀರಿನಿಂದಲೂ ಗಾಳಿ ಒಳಬರುತ್ತಲೇ ಇರುವುದರಿಂದ ಈ ನಿರ್ವಾತವನ್ನು ಪ್ರತಿಕ್ಷಣವೂ ಹೊಸದಾಗಿ ಗಳಿಸಬೇಕಾಗುತ್ತದೆ. ಪಂಪಿನ ಆಯ್ಕೆ ನಿಂತಿರುವುದು ಇದರ ಮೇಲೆಯೇ. 1588ರಲ್ಲಿ ಅಗೊಸ್ತಿನೊ ರಮೆಲ್ಲಿ ತನ್ನ ಯಂತ್ರಗ್ರಂಥದಲ್ಲಿ ನೀರೆತ್ತಲೆಂದು ಚಿತ್ರಿಸಿದ ತಿರುಗುವ ಅಲಗುಗಳ ಪಂಪಿನ ಸಂತತಿಯು ಆಳವಾದ ನಿರ್ವಾತವನ್ನು ಕೊಟ್ಟರೂ ಹೆಚ್ಚು ಗಾಳಿಯನ್ನು ಸಾಗಿಸಲಾರದು. ಬ್ಲೋವರ್ ಮಾದರಿಯ ಪಂಪು ಕಡಿಮೆ ನಿರ್ವಾತವನ್ನು ಕೊಟ್ಟರೂ ಅಪಾರ ಗಾಳಿಯನ್ನು ಎಳೆಯಬಲ್ಲುದು. ಎಂಡಿಎಫ್ ಹಾಸಿದ ಮೇಜಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ. ಅರ್ಧ ನಿರ್ವಾತ ದೊರೆತರೂ 60 ಸೆಂ.ಮೀ. ಚೌಕದ ಹಲಗೆಯ ಮೇಲೆ 1,800 ಕಿಲೋ ಭಾರ ಬೀಳುತ್ತದೆ. ಆದರೆ 5 ಸೆಂ.ಮೀ. ಚೌಕದ ತುಂಡಿನ ಮೇಲೆ ಬೀಳುವುದು 12.5 ಕಿಲೋ ಮಾತ್ರ, ಅದರಲ್ಲಿಯೂ ಪಕ್ಕಕ್ಕೆ ಜಾರದಂತೆ ತಡೆಯಲು ಘರ್ಷಣೆಯಾಗಿ ಒದಗುವುದು ಒಂದು ಪಾಲು ಅಷ್ಟೇ.

ಪಂಪು ನಿರಂತರವಾಗಿ ಓಡಬೇಕಾದ್ದರಿಂದ ವಿದ್ಯುತ್ತಿನ ಜೋಡಣೆಗೆ ಪ್ರಾಮುಖ್ಯ ಬಂದಿತು. ದೊಡ್ಡ ಪಂಪುಗಳನ್ನು ತಿರುಗಿಸುವುದು 1889ರ ಹೊತ್ತಿಗೆ ಡೊಲಿವೊ-ಡೊಬ್ರೊವೊಲ್‌ಸ್ಕಿ ರೂಪಿಸಿದ ತ್ರೀ-ಫೇಸ್ ಮೋಟಾರಿನ ವಂಶದ್ದೇ. ಅದರ ಮೂರು ತಂತಿಗಳಲ್ಲಿ ಯಾವುದೇ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗಿ, ನಿರ್ವಾತ ಸಿಗದೆ ಪಂಪು ಕೆಡುವ ಅಪಾಯ ಉಂಟು. ನೇರವಾಗಿ ಚಾಲೂ ಮಾಡಿದಾಗ ಅದು ಮೊದಲ ಕ್ಷಣಗಳಲ್ಲಿ ವಾಡಿಕೆಗಿಂತ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ, ವೋಲ್ಟೇಜ್ ಕುಸಿದು ಯಂತ್ರದ ಎಲೆಕ್ಟ್ರಾನಿಕ್ಸ್ ಎಚ್ಚರ ತಪ್ಪಬಹುದು. ಆ ಕಾರಣಕ್ಕೆ ಪಂಪಿಗೆ ಪ್ರತ್ಯೇಕ ಬ್ರೇಕರ್, ಓವರ್‌ಲೋಡ್ ರಿಲೇ ಹಾಗೂ ದೊಡ್ಡ ಮೋಟಾರಾದರೆ ಆರಂಭದ ಕರೆಂಟನ್ನು ತಗ್ಗಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇಡುತ್ತಾರೆ. ಯಂತ್ರದ ನಿಯಂತ್ರಕ ಹೊರಡಿಸುವ ಆಜ್ಞೆಯೋ 24 ವೋಲ್ಟಿನ ಅಥವಾ ಅದಕ್ಕಿಂತ ಕಡಿಮೆಯ ದುರ್ಬಲ ಸಂಕೇತ. ಅದು ಒಂದು ಪುಟ್ಟ ರಿಲೇಯನ್ನು, ಅಂದರೆ ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚನ್ನು, ಎಳೆಯುತ್ತದೆ, ರಿಲೇ ತನ್ನದೇ ದೊಡ್ಡ ರೂಪವಾದ ಕಾಂಟ್ಯಾಕ್ಟರಿನ ಸುರುಳಿಗೆ ವಿದ್ಯುತ್ ಕೊಡುತ್ತದೆ, ಕಾಂಟ್ಯಾಕ್ಟರ್ 415 ವೋಲ್ಟನ್ನು ಪಂಪಿಗೆ ಬಿಡುತ್ತದೆ. ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವ ಈ ಉಪಾಯವನ್ನು ಜೋಸೆಫ್ ಹೆನ್ರಿ 1830ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದನು. ಪಂಪಿಗೆಂದೇ ಮೀಸಲಾದ ಸಂಕೇತವಿಲ್ಲದ ಸಣ್ಣ ಯಂತ್ರಗಳಲ್ಲಿ, ಲೋಹ ಕೊರೆಯುವಾಗ ತಂಪುನೀರು ಬಿಡಲೆಂದು ಇರುವ ಎಂ8 ಆಜ್ಞೆಯನ್ನೇ ಪಂಪಿಗೆ ಕೊಡುವ ರೂಢಿ ಬೆಳೆದಿದೆ. ಮರಗೆಲಸಕ್ಕೆ ನೀರು ಬೇಡವಾದ್ದರಿಂದ ಇದು ಯುಕ್ತವಾದ ಮರುಬಳಕೆ.

ಇಷ್ಟಕ್ಕೆ ನಿಲ್ಲಿಸಿದರೆ ಜೋಡಣೆ ಅರ್ಧ ಮಾತ್ರ ಮುಗಿದಂತೆ, ಏಕೆಂದರೆ ಪಂಪು ಓಡುತ್ತಿದೆ ಎಂಬುದೂ ಹಲಗೆ ಹಿಡಿತದಲ್ಲಿದೆ ಎಂಬುದೂ ಬೇರೆ ಬೇರೆ. ಕೊಳವೆಗೆ ಕೂರಿಸಿದ ನಿರ್ವಾತ ಸ್ವಿಚ್ಚು, ನಿರ್ವಾತವು ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದಾಗ ಮಾತ್ರ ನಿಯಂತ್ರಕಕ್ಕೆ ಸುದ್ದಿ ಕಳುಹಿಸಿ, ಆಮೇಲೆ ಕತ್ತಿ ಹಿಡಿದ ಸ್ಪಿಂಡಲ್ ತಿರುಗುವಂತೆ, ಮಟ್ಟ ಕುಸಿದರೆ ಕೊರೆತ ನಿಲ್ಲುವಂತೆ ಮಾಡಬೇಕು. ಹಿಂದೆ ಬಡಗಿಯ ಪಾದಕ್ಕಿದ್ದ ಹೊಣೆಯನ್ನು ಈಗ ಹೊತ್ತಿರುವುದು ಈ ಸ್ವಿಚ್ಚಿನ ಎರಡು ತಂತಿಗಳು. ನಿಲ್ಲಿಸುವ ಕ್ರಮವೂ ಅಷ್ಟೇ ಮುಖ್ಯ: ನಿಮಿಷಕ್ಕೆ 18,000 ಸುತ್ತು ತಿರುಗುವ ಸ್ಪಿಂಡಲ್ ವಿದ್ಯುತ್ ಕಡಿದ ಮೇಲೂ ಕೆಲಕಾಲ ತಿರುಗುತ್ತಲೇ ಇರುವುದರಿಂದ, ಅದು ಪೂರ್ತಿ ನಿಲ್ಲುವವರೆಗೆ ಪಂಪು ಆರಬಾರದು. ಆದರೆ ಕರೆಂಟೇ ಹೋದಾಗ ಈ ಕ್ರಮವನ್ನು ಪಾಲಿಸುವವರಿಲ್ಲ. ಎರಡು ಮೋಟಾರುಗಳೂ ಏಕಕಾಲಕ್ಕೆ ಬಲ ಕಳೆದುಕೊಂಡು, ಸೋರುವ ಹಲಗೆಯ ಕೆಳಗಿನ ನಿರ್ವಾತ ಸ್ಪಿಂಡಲಿಗಿಂತ ಮೊದಲೇ ಇಲ್ಲವಾಗಬಹುದು. ಇದನ್ನು ಬಲ್ಲ ಕೆಲಸಗಾರರು ಸಣ್ಣ ತುಂಡುಗಳನ್ನು ಮೊದಲ ಸುತ್ತಿನಲ್ಲಿ ಪೂರ್ತಿ ಕತ್ತರಿಸದೆ, ತಳದಲ್ಲಿ ಅರ್ಧ ಮಿಲಿಮೀಟರಿನಷ್ಟು ಪದರವನ್ನು ಉಳಿಸಿ, ಉಳಿದೆಲ್ಲ ಕೊರೆತ ಮುಗಿದ ಮೇಲೆ ಕೊನೆಯ ಹಗುರ ಸುತ್ತಿನಲ್ಲಿ ಅದನ್ನು ಬಿಡಿಸುತ್ತಾರೆ. ಅಲ್ಲಿಯವರೆಗೆ ಆ ತುಂಡನ್ನು ಹಿಡಿದಿರುವುದು ಅದರ ಸುತ್ತಲಿನ ಇಡೀ ಹಲಗೆ.