ಕರ್ನಾಟಕದ ಸಮಕಾಲೀನ ವಾಸ್ತುಶಿಲ್ಪ ಮತ್ತು ಭೂದೃಶ್ಯ ವಿನ್ಯಾಸ

ಕಟ್ಟಡವನ್ನೂ ಅದರ ಸುತ್ತಲಿನ ನೆಲ, ನೀರು, ಗಿಡಮರಗಳನ್ನೂ ಒಟ್ಟಾಗಿ ಯೋಜಿಸುವ ಕೆಲಸ ಕರ್ನಾಟಕದಲ್ಲಿ 1920ರ ದಶಕದ ಕೊನೆಯಿಂದ ಈಚೆಗೆ ಹೊಸ ರೂಪ ಪಡೆಯಿತು. ಅದರ ಕೆಲವು ಫಲಗಳಿಗೂ ಅವುಗಳನ್ನು ರೂಪಿಸಿದವರಿಗೂ ಅಂತರರಾಷ್ಟ್ರೀಯ ಪ್ರಶಸ್ತಿಗಳು ಸಂದಿವೆ. ಆದರೆ ಯಾವ ಕೃತಿ ಯಾರದು, ಯಾವ ವರ್ಷದ್ದು, ಪ್ರಶಸ್ತಿ ಬಂದದ್ದು ವ್ಯಕ್ತಿಗೋ ಕಟ್ಟಡಕ್ಕೋ ಎಂಬ ವಿಷಯದಲ್ಲಿ ಬರಹಗಳ ನಡುವೆ ಹೊಂದಾಣಿಕೆಯಿಲ್ಲ.

ಹಿನ್ನೆಲೆ

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿರುವ ಮಲ್ಲಿಕಾರ್ಜುನ ದೇವಾಲಯವನ್ನು 1234ರ ಸುಮಾರಿಗೆ, ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಕಾಲದಲ್ಲಿ, ದಂಡನಾಯಕ ಹರಿಹರ ಕಟ್ಟಿಸಿದ. ಆ ಕಾಲದ ಶಾಸನಗಳಲ್ಲಿ ಕಟ್ಟಿಸಿದವನ ಹೆಸರಿಗೇ ಮೊದಲ ಸ್ಥಾನ. ಆದರೂ ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದುಂಟು. ಸೋಮನಾಥಪುರದ ಮಲ್ಲಿತಮ್ಮನ ಹೆಸರು ಉಳಿದುಬಂದದ್ದು ಹಾಗೆ. ಆಧುನಿಕ ಕಾಲದಲ್ಲಿ ವಾಸ್ತುಶಿಲ್ಪಿಯ ಹೆಸರು ಮುಂದೆ ಬಂತು. ಉದ್ಯಾನ ರೂಪಿಸಿದವರ ಹೆಸರು ಹಿಂದೆ ಸರಿಯಿತು.

ಬೃಂದಾವನ ಉದ್ಯಾನ

ಈ ಗೊಂದಲಕ್ಕೆ ಮಂಡ್ಯ ಜಿಲ್ಲೆಯಲ್ಲೇ ಒಳ್ಳೆಯ ನಿದರ್ಶನವಿದೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಇದನ್ನು ಕೆಲವರು ಸರ್ ಎಂ. ವಿಶ್ವೇಶ್ವರಯ್ಯನವರ ಕೃತಿ ಎನ್ನುತ್ತಾರೆ. ಅಣೆಕಟ್ಟೆಯ ಕಾಮಗಾರಿ 1911ರಲ್ಲಿ ಶುರುವಾದಾಗ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದರು, ನಿಜ. ಆದರೆ ದಿವಾನಗಿರಿಯಿಂದ ಅವರು ಇಳಿದದ್ದು 1918ರಲ್ಲಿ. ಉದ್ಯಾನದ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು. ಉದ್ಯಾನದ ಹಿಂದಿನ ಪ್ರೇರಣೆ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರದು. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಅಂಗಳಗಳು, ನಡುವೆ ಹರಿಯುವ ನೀರು, ಕಾರಂಜಿಗಳು ಇಲ್ಲಿ ಬಂದವು. ಸಸ್ಯವಿನ್ಯಾಸದ ಶ್ರೇಯಸ್ಸು ಸಾಮಾನ್ಯವಾಗಿ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಅವರು 1932ರವರೆಗೆ ಸಂಸ್ಥಾನದ ತೋಟಗಾರಿಕೆಯನ್ನು ನೋಡಿಕೊಂಡರು. ಹೀಗಾಗಿ ಒಬ್ಬರನ್ನೇ ನಿರ್ಮಾತೃ ಎನ್ನುವ ಬದಲು ದಿವಾನರು, ಎಂಜಿನಿಯರುಗಳು, ತೋಟಗಾರಿಕೆ ಇಲಾಖೆ ಕೂಡಿ ಮಾಡಿದ ಕೆಲಸವೆನ್ನುವುದೇ ಸರಿ. ಹಳೆಯ ಪುಸ್ತಕಗಳು ಉದ್ಯಾನವನ್ನು ಮೈಸೂರು ಜಿಲ್ಲೆಯ ಪಟ್ಟಿಗೆ ಸೇರಿಸುವುದಕ್ಕೂ ಕಾರಣವಿದೆ: ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.

ಸ್ವಾತಂತ್ರ್ಯದ ನಂತರ

1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದ ವಿಧಾನಸೌಧ ಕೆಂಗಲ್ ಹನುಮಂತಯ್ಯನವರ ಸಂಕಲ್ಪ, ಬಿ.ಆರ್. ಮಾಣಿಕ್ಯಂ ಅವರ ವಿನ್ಯಾಸ. ಚಾರ್ಲ್ಸ್ ಕೊರಿಯಾ ಬೆಂಗಳೂರಿಗೆ ಭಾರತೀಯ ಜೀವವಿಮಾ ನಿಗಮದ ವಿಶ್ವೇಶ್ವರಯ್ಯ ಕೇಂದ್ರವನ್ನೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಆವರಣವನ್ನೂ ರೂಪಿಸಿಕೊಟ್ಟರು. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯಾದ ರಿಬಾದ ಚಿನ್ನದ ಪದಕ ಅವರಿಗೆ 1984ರಲ್ಲಿ ಬಂತು.

ಬೆಂಗಳೂರು ಐಐಎಂ ಆವರಣ

ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣ ಬಾಲಕೃಷ್ಣ ದೋಶಿಯವರದು (1927–2023). ಇದರ ಬಗ್ಗೆ ಮೂರು ತಪ್ಪುಗಳು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿವೆ. ಮೊದಲನೆಯದು, ಅಹಮದಾಬಾದಿನ ಐಐಎಂ ಜೊತೆ ಇದನ್ನು ಕಲಸುವುದು. ಅದು ಅಮೆರಿಕದ ಲೂಯಿ ಕಾನ್ ಅವರ ಇಟ್ಟಿಗೆಯ ಕೃತಿ. ಅಲ್ಲಿ ದೋಶಿ ಸಹಯೋಗಿಯಷ್ಟೇ. ಎರಡನೆಯದು ವರ್ಷ. ಸಂಸ್ಥೆ ಆರಂಭವಾದದ್ದು 1973ರಲ್ಲಿ, ವಿನ್ಯಾಸಕ್ಕೆ ತೊಡಗಿದ್ದು 1977ರಲ್ಲಿ. ಹಂತಹಂತವಾಗಿ ಕಟ್ಟಿದ್ದರಿಂದ ಮುಕ್ತಾಯವನ್ನು ಕೆಲವರು 1985 ಎಂದರೆ ಕೆಲವರು 1992 ಎನ್ನುತ್ತಾರೆ. ಮೂರನೆಯದು ಪ್ರಶಸ್ತಿ. 2018ರ ಪ್ರಿಟ್ಜ್ಕರ್ ಪ್ರಶಸ್ತಿ ದೋಶಿಯವರ ಒಟ್ಟು ಸಾಧನೆಗೆ ಸಂದದ್ದು, ಈ ಆವರಣಕ್ಕಲ್ಲ. ಅದನ್ನು ಪಡೆದ ಮೊದಲ ಭಾರತೀಯರು ಅವರು. 2022ರಲ್ಲಿ ರಿಬಾ ಚಿನ್ನದ ಪದಕವೂ ಬಂತು. ಈ ಆವರಣದ ವಿನ್ಯಾಸ ನಡೆದಾಗ ದೋಶಿ, ಜೋಸೆಫ್ ಅಲೆನ್ ಸ್ಟೈನ್ ಮತ್ತು ಜೈ ರತ್ತನ್ ಭಲ್ಲಾ ಪಾಲುದಾರಿಕೆಯ ಸಂಸ್ಥೆ ನಡೆಸುತ್ತಿದ್ದರೆಂಬುದನ್ನು ಹಲವು ಬರಹಗಳು ಬಿಟ್ಟುಬಿಡುತ್ತವೆ.

ಕಟ್ಟಡಕ್ಕೂ ತೋಟಕ್ಕೂ ನಡುವೆ ಗೆರೆ ಎಳೆಯಲಾಗದಂತಿರುವುದೇ ಈ ಕೃತಿಯ ಹೆಚ್ಚುಗಾರಿಕೆ. ಒರಟು ಗ್ರಾನೈಟ್ ಗೋಡೆ, ಕಾಂಕ್ರೀಟ್ ತೊಲೆ, ಕೆಲವೆಡೆ ಮೂರಂತಸ್ತಿನ ಎತ್ತರದ ಉದ್ದನೆಯ ಓಣಿಗಳು. ಈ ಓಣಿಗಳ ಮೇಲೆ ಕೆಲವೆಡೆ ಚಾವಣಿ, ಕೆಲವೆಡೆ ಬಳ್ಳಿ ಹಬ್ಬಿದ ತೆರೆದ ತೊಲೆಸಾಲು. ಫತೇಪುರ್ ಸಿಕ್ರಿಯ ಅಂಗಳಗಳೂ ಮದುರೆಯ ದೇವಾಲಯದ ಪ್ರಾಕಾರಗಳೂ ದೋಶಿಯವರಿಗೆ ಪ್ರೇರಣೆಯಾದವು. ತರಗತಿಯಷ್ಟೇ ಪಾಠ ಓಣಿಯಲ್ಲೂ ನಡೆಯಬೇಕೆಂಬುದು ಅವರ ನಂಬಿಕೆ. ಬೆಂಗಳೂರಿನ ಹಿತವಾದ ಹವೆಯಲ್ಲಿ ಅದು ಸಾಧ್ಯವೂ ಆಯಿತು.

ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಸುಮಾರು 2.55 ಲಕ್ಷ ಚದರ ಮೀಟರ್ ವಿಸ್ತಾರದ ಈ ಕಟ್ಟಡದ ಮೊದಲ ಹಂತಕ್ಕೆ ವರ್ಷಕ್ಕೆ 2.5 ಕೋಟಿ ಪ್ರಯಾಣಿಕರ ಸಾಮರ್ಥ್ಯವಿದೆ. ವಾಸ್ತುವಿನ್ಯಾಸ ಅಮೆರಿಕದ ಎಸ್‌ಒಎಂ ಸಂಸ್ಥೆಯದು, ಭೂದೃಶ್ಯ ವಿನ್ಯಾಸ ಬ್ರಿಟನ್ನಿನ ಗ್ರಾಂಟ್ ಅಸೋಸಿಯೇಟ್ಸ್‌ನದು. ಉದ್ಯಾನದೊಳಗೊಂದು ಟರ್ಮಿನಲ್ ಎಂಬುದೇ ಮೂಲ ಕಲ್ಪನೆ: ಬಿದಿರಿನ ಚಾವಣಿ, ತೂಗುವ ಗಿಡಗಳು, ಕಟ್ಟಡಗಳ ನಡುವೆ ಹಸಿರು ಪಟ್ಟಿ. 2023ರಲ್ಲಿ ಇದಕ್ಕೆ ಬಂದ ಪ್ರಿ ವರ್ಸಾಯ್ ವಿಶೇಷ ಪುರಸ್ಕಾರ ಒಳಾಂಗಣ ವಿಭಾಗದ್ದು. ಹೊರಗಿನ ನೆಲವನ್ನು ರೂಪಿಸಿದವರ ಹೆಸರು ಪ್ರಶಸ್ತಿಯ ಸುದ್ದಿಗಳಲ್ಲಿ ಅಪರೂಪ.

ಈ ಪುರಸ್ಕಾರದ ಜೊತೆಗೂ ಯುನೆಸ್ಕೊ ಹೆಸರು ಕೇಳಿಬರುವುದರಿಂದ ಇದನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಡೆದ ವಿಶ್ವ ಪರಂಪರೆ ಘೋಷಣೆಯೊಂದಿಗೆ ಬೆರೆಸಬಾರದು. ಆ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರದವು, ಬಸರಾಳು ಅದರಲ್ಲಿಲ್ಲ.

ಪ್ರಶಸ್ತಿ ಪಟ್ಟಿಯ ಆಚೆ

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಆಸ್ಟ್ರಾ’ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನವನ್ನು ಹುಡುಕಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಬಳಸುವ ಇಟ್ಟಿಗೆಯನ್ನು ಬಳಕೆಗೆ ತಂದರು. ಗೂಡಿಗೆ ಬೇಕಾಗುವ ಸೌದೆ ಉಳಿಯಿತು. ಮನೆ ಕಟ್ಟುವ ಜಾಗದ ಮಣ್ಣೇ ಗೋಡೆಯಾಗುವ ದಾರಿ ತೆರೆಯಿತು. ಬೆಂಗಳೂರಿನ ಹಲವು ವಾಸ್ತುಶಿಲ್ಪಿಗಳು ಮುಂದೆ ಇದನ್ನು ನಗರದ ಮನೆಗಳಿಗೂ ತಂದರು. ಪ್ರಶಸ್ತಿಗಳನ್ನಷ್ಟೇ ಆಧರಿಸಿದ ಚರಿತ್ರೆಯಲ್ಲಿ ಈ ಕೆಲಸಕ್ಕೆ ಜಾಗ ಸಿಗುವುದಿಲ್ಲ. ಆದರೆ ಜನ ವಾಸಿಸುವ ಮನೆಗಳ ಚರಿತ್ರೆಯನ್ನು ಇದನ್ನು ಬಿಟ್ಟು ಬರೆಯಲಾಗದು.