ಝಡ್‌ಝಡ್ ಗಿಡದ ಎಲೆ ಹಳದಿಯಾಗುವಿಕೆ

ಝಡ್‌ಝಡ್ ಗಿಡವು ಮನೆಯೊಳಗೆ ಕುಂಡಗಳಲ್ಲಿ ಬೆಳೆಸುವ ವಿದೇಶಿ ಅಲಂಕಾರಿಕ ಸಸ್ಯ. ಇದರ ಎಲೆಗಳು ಹಳದಿಯಾಗಲು ಬಹುಮಟ್ಟಿಗೆ ಕಾರಣ ನೀರಿನ ಕೊರತೆಯಲ್ಲ, ನೀರಿನ ಅತಿರೇಕ. ಬಾಡಿದ ಗಿಡವನ್ನು ಕಂಡೊಡನೆ ನೀರೆರೆಯುವುದು ಸಹಜ. ಈ ಗಿಡಕ್ಕೆ ಅದೇ ಮಾರಕವಾಗಬಲ್ಲದು.

ಪರಿಚಯ

ಇದರ ಸಸ್ಯಶಾಸ್ತ್ರೀಯ ಹೆಸರು ಜಾಮಿಯೊಕುಲ್ಕಾಸ್ ಜಾಮಿಫೋಲಿಯ. ಕೀನ್ಯಾದಿಂದ ದಕ್ಷಿಣ ಆಫ್ರಿಕದ ಈಶಾನ್ಯ ಭಾಗದವರೆಗಿನ ಒಣಪ್ರದೇಶಗಳು ಇದರ ತವರು. 1996ರ ಸುಮಾರಿಗೆ ಡಚ್ ಸಸ್ಯಪಾಲಕರು ವಾಣಿಜ್ಯ ಪ್ರಮಾಣದಲ್ಲಿ ಬೆಳೆಸತೊಡಗಿದ ಬಳಿಕ ಲೋಕಪ್ರಸಿದ್ಧವಾಯಿತು. ಕೆಸುವಿನ ಕುಟುಂಬಕ್ಕೇ ಸೇರಿದ್ದರೂ ಕೆಸುವಿನಂತೆ ತೇವವನ್ನು ಸಹಿಸದು. ಮಣ್ಣಿನೊಳಗಿನ ಗೆಡ್ಡೆಯಂತಹ ಗುಪ್ತಕಾಂಡದಲ್ಲಿಯೂ ದಪ್ಪ ತೊಟ್ಟಿನಲ್ಲಿಯೂ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಇದನ್ನು ‘ಸಾಯದ ಗಿಡ’ವೆಂದು ಮಾರುವವರುಂಟು, ಬರದ ಮಟ್ಟಿಗೆ ಈ ಮಾತು ಬಹುತೇಕ ನಿಜ, ನೀರಿನ ಮಟ್ಟಿಗೆ ಅಲ್ಲ.

ಕಾರಣಗಳು

ಮಣ್ಣು ಸದಾ ತೇವವಾಗಿದ್ದರೆ ಅದರ ಕಣಗಳ ನಡುವೆ ಗಾಳಿಗೆ ಎಡೆಯಿರುವುದಿಲ್ಲ. ಬೇರುಗಳು ಉಸಿರುಗಟ್ಟಿ ದುರ್ಬಲಗೊಳ್ಳುತ್ತವೆ, ಶಿಲೀಂಧ್ರಗಳು ತಗಲಿ ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಒದ್ದೆ ಮಣ್ಣಿನಲ್ಲಿಯೇ ಗಿಡವು ಬಾಯಾರಿದಂತೆ ಬಾಡುತ್ತದೆ. ನೋಡುವವರು ಮೋಸಹೋಗುವುದು ಇಲ್ಲಿಯೇ.

ಬುಡದ ಒಂದೆರಡು ಹಳೆಯ ಎಲೆಗಳು ಹಣ್ಣಾಗುವುದು ಸ್ವಾಭಾವಿಕ. ಹಲವು ಎಲೆಗಳು ಒಮ್ಮೆಗೇ ಹಳದಿಯಾಗಿ ತೊಟ್ಟಿನ ಬುಡ ಮೆತ್ತಗಾಗಿದ್ದರೆ ಕೊಳೆರೋಗವೆಂದು ತಿಳಿಯಬೇಕು. ನೀರು ಸಾಲದಾದಾಗ ತೊಟ್ಟು ಸುಕ್ಕುಗಟ್ಟಿ ಕಿರುಎಲೆಗಳು ಉದುರುತ್ತವೆ. ನೇರ ಬಿಸಿಲು, ಮಿತಿಮೀರಿದ ಗೊಬ್ಬರಗಳಿಂದಲೂ ಎಲೆ ಬಣ್ಣಗೆಡುವುದುಂಟು.

ಪರಿಹಾರ

ಮೊದಲು ನೀರು ನಿಲ್ಲಿಸಿ ಗಿಡವನ್ನು ಕುಂಡದಿಂದ ಹೊರತೆಗೆಯಬೇಕು. ಆರೋಗ್ಯಕರ ಗುಪ್ತಕಾಂಡ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದುಬಣ್ಣಕ್ಕೆ ತಿರುಗಿ ಬೆರಳಿಗೆ ಹಿಸುಕಿಹೋಗುತ್ತದೆ, ದುರ್ವಾಸನೆ ಬೀರುತ್ತದೆ. ಕೊಳೆತ ಭಾಗವನ್ನು ಶುದ್ಧವಾದ ಚಾಕುವಿನಿಂದ ಕತ್ತರಿಸಿ, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಡಬೇಕು. ಗಿಡದ ಎಲ್ಲ ಭಾಗಗಳಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಕೈಗವಸು ಧರಿಸುವುದು ಒಳ್ಳೆಯದು.

ಬಳಿಕ ಒರಟು ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಟ್ಟು, ಸುಮಾರು ಒಂದು ವಾರ ನೀರುಣಿಸದೆ ಬಿಡಬೇಕು. ಮುಂದೆಯೂ ಮಣ್ಣು ಆಳದವರೆಗೆ ಒಣಗಿದ ಮೇಲೆಯೇ ನೀರು. ಸಾಮಾನ್ಯವಾಗಿ ಎರಡು ಮೂರು ವಾರಗಳಿಗೊಮ್ಮೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಅಂತರ ಇನ್ನೂ ಹೆಚ್ಚಬಹುದು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು.

ಹಳದಿಯಾದ ಎಲೆ ಮರಳಿ ಹಸಿರಾಗದು. ಹೊಸ ಚಿಗುರು ಬಂದರೆ ಗಿಡ ಉಳಿದಿದೆಯೆಂದರ್ಥ. ಗುಪ್ತಕಾಂಡ ಪೂರ್ತಿ ಕೊಳೆತಿದ್ದರೂ ಉಳಿದ ಹಸಿರು ಕಿರುಎಲೆಗಳನ್ನು ತುಸು ತೇವದ ಮರಳಿನಲ್ಲಿ ಊರಿದರೆ, ಕೆಲವು ತಿಂಗಳುಗಳಲ್ಲಿ ಅವುಗಳ ಬುಡದಲ್ಲಿ ಪುಟ್ಟ ಗೆಡ್ಡೆ ಮೂಡುತ್ತದೆ.